ಸೊಪ್ಪಿನ ಕೋಣೆಯ ಸಂಸಾರ

ಮದುವೆಯಾದ ಮೊದಲ ಎಂಟು ತಿಂಗಳು ನಾವಿಬ್ಬರೂ ಒಂದೇ ಸೂರಿನ ಕೆಳಗೆ ಇರಲಿಲ್ಲ. ನನ್ನ ಗಂಡ ಕೋಲಾರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕಿದ್ದರು. ಕೆಲಸ ಮುಗಿದ ಮೇಲೆ ಅಲ್ಲೇ ಕಾಗದದ ಕಟ್ಟುಗಳ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದರು. ನಾನು ಮುಳಬಾಗಿಲಿನಲ್ಲಿ, ತವರಿನಲ್ಲಿ. ಭಾನುವಾರ ಬೆಳಿಗ್ಗೆ ಬಂದು ಸಂಜೆ ಬಸ್ಸಿಗೆ ಹೊರಡುವ ಅವರನ್ನು ನಮ್ಮ ಬೀದಿಯವರು ‘ನೆಂಟ’ ಎಂದೇ ಕರೆದು ನಗುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೋಲಾರದಲ್ಲಿ ನಾವು ನೋಡಿದ ಯಾವ ಮನೆಗೂ ಬಾಡಿಗೆ ಕೊಟ್ಟು ಮಿಕ್ಕಿದ್ದರಲ್ಲಿ ಊಟ ಮಾಡುವ ಹಾಗಿರಲಿಲ್ಲ. ಒಬ್ಬ ಮಾಲೀಕರು ಬಾಡಿಗೆ ತುಸು ಇಳಿಸಲು ಒಪ್ಪಿದರು. ಆದರೆ ದಿನಕ್ಕೆ ಎರಡೇ ಕೊಡ ನೀರು, ನೆಂಟರು ಬರಕೂಡದು ಎಂದರು. ಬೀದಿಗೆ ಬಂದ ಮೇಲೆ ಇವರು, “ಹಂಗಾದ್ರೆ ನಾನೂ ಬರೋಹಾಗಿಲ್ಲ ಕಣೇ” ಅಂದರು. ನಕ್ಕೆ. ನಗುತ್ತಲೇ ಅಳು ಬಂತು.

ಆ ವರ್ಷವೇ ನನಗೆ, ಕೋಲಾರಕ್ಕೆ ದಿನವೂ ಬಸ್ಸಿದ್ದ ಹುತ್ತೂರಿನ ಶಾಲೆಯಲ್ಲಿ ಮೇಡಂ ಕೆಲಸ ಸಿಕ್ಕಿತು. ಅಲ್ಲಿಯೂ ಬಾಡಿಗೆಗೆ ಕೊಡುವಂಥ ಮನೆಗಳಿರಲಿಲ್ಲ. ಶಾಲೆಯ ಹಿಂದೆ ಹಿಪ್ಪುನೇರಳೆ ತೋಟ ಮಾಡಿಕೊಂಡು ರೇಷ್ಮೆ ಹುಳು ಸಾಕುತ್ತಿದ್ದ ಒಬ್ಬ ವಿಧವೆ ಇದ್ದರು. ಅರವತ್ತು ದಾಟಿದ ಹೆಂಗಸು, ಮಕ್ಕಳಿರಲಿಲ್ಲ. ಊರಿಗೆಲ್ಲ ಅವರು ದೊಡ್ಡಮ್ಮ. ಮಾತು ಅರ್ಧ ತೆಲುಗು, ಅರ್ಧ ಕನ್ನಡ. ನಾನು ಮನೆ ಹುಡುಕುತ್ತಿರುವುದು ಕೇಳಿ ತಾವೇ ಶಾಲೆಯ ಬಾಗಿಲಿಗೆ ಬಂದರು.

“ಟೀಚರಮ್ಮಾ, ನಮ್ಮ ಹುಳುಮನೆ ಹಿಂದೆ ಸೊಪ್ಪಿಡೋ ಕೋಣೆ ಐತೆ. ಸೊಪ್ಪನ್ನ ನಾನು ಪಡಸಾಲೇಲಿ ಹಾಕ್ಕೊಂತೀನಿ. ನೋಡ್ತೀಯಾ?”

ನೋಡಿದೆ. ಮೂರು ಕಡೆ ಕಲ್ಲುಚಪ್ಪಡಿಯ ಗೋಡೆ, ಮೇಲೆ ಹೆಂಚು, ನೆಲಕ್ಕೆ ಸಗಣಿ ಸಾರಿಸಿತ್ತು. ನಾಲ್ಕನೆಯ ಕಡೆ ಬಿದಿರಿನ ತಟ್ಟಿ, ಅದರಾಚೆಗೆ ಹುಳುಮನೆ. ನಾನು ಎರಡೂ ಕೈ ಚಾಚಿದರೆ ಒಂದು ಕೈ ಗೋಡೆಗೆ ತಾಗುತ್ತಿತ್ತು, ಇನ್ನೊಂದಕ್ಕೆ ಒಂದು ಮೊಳ ಜಾಗ ಉಳಿಯುತ್ತಿತ್ತು. ಉದ್ದ ಅದಕ್ಕಿಂತ ಸ್ವಲ್ಪ ಜಾಸ್ತಿ.

“ಬಾಡಿಗೆ ಎಷ್ಟು ದೊಡ್ಡಮ್ಮಾ?”

“ಹುಳ ಹಣ್ಣಾದಾಗ ಎರಡು ಕೈ ಕೊಡು, ಸಾಕು.”

ಹುಳು ಗೂಡು ಕಟ್ಟಲು ತಯಾರಾಗುವುದಕ್ಕೆ ಅಲ್ಲಿ ಹಣ್ಣಾಗುವುದು ಎನ್ನುತ್ತಾರೆ. ಆಗ ಒಂದೊಂದನ್ನೇ ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ಚಾಪೆಗೆ, ಅಂದರೆ ಚಂದ್ರಿಕೆಗೆ ಬಿಡಬೇಕು. ಎಷ್ಟು ಕೈಯಿದ್ದರೂ ಸಾಲದು. ಬಾಡಿಗೆಗಿಂತ ಅವರ ಕಟ್ಟಳೆಗಳೇ ಹೆಚ್ಚಾಗಿದ್ದವು. ಒಳಗೆ ಒಗ್ಗರಣೆ ಹಾಕುವಂತಿಲ್ಲ. ಊದುಬತ್ತಿ ಹಚ್ಚುವಂತಿಲ್ಲ. ಮುಖಕ್ಕೆ ಪೌಡರು ಬೇಡ. ಹುಳುವಿಗೆ ಇದೊಂದೂ ಆಗುವುದಿಲ್ಲ. ಇವರ ಬಟ್ಟೆಗಂತೂ ಅಚ್ಚುಮೊಳೆ ತೊಳೆಯುವ ಸೀಮೆಎಣ್ಣೆಯ ವಾಸನೆ. ಸಂಜೆ ಬಸ್ಸಿಳಿದು ಬಾವಿಯ ಹತ್ತಿರ ಸ್ನಾನ ಮಾಡಿ, ಬಟ್ಟೆ ಅಲ್ಲೇ ಹೊಂಗೆ ಮರಕ್ಕೆ ತೂಗುಹಾಕಿ, ಪಂಚೆ ಸುತ್ತಿಕೊಂಡೇ ಮನೆಗೆ ಬರಬೇಕಿತ್ತು. ಒಲೆಯೂ ಆ ಮರದ ಬುಡದಲ್ಲೇ. ಮೂರು ಕಲ್ಲು, ಒಂದು ಮಡಕೆ.

ಇವರು ಪ್ರೆಸ್ಸಿನಿಂದ ಮುರಿದ ಮರದ ಖಾನೆಗಳನ್ನು ತಂದು ಗೋಡೆಗೆ ಹೊಡೆದರು. ಅಕ್ಷರಗಳಿದ್ದ ಸಣ್ಣ ಸಣ್ಣ ಗೂಡುಗಳಲ್ಲಿ ನನ್ನ ಸಾಸಿವೆ, ಜೀರಿಗೆ, ಸೂಜಿದಾರ, ಸೀಮೆಸುಣ್ಣ ಎಲ್ಲ ಕೂತವು. ಹಲಗೆಯ ಮಂಚವನ್ನು ಎತ್ತರಿಸಿ ಅದರಡಿ ಟ್ರಂಕು, ರಾಗಿ ಚೀಲ ತಳ್ಳಿದೆವು. ಒಬ್ಬರು ಸೀರೆಯೋ ಪಂಚೆಯೋ ಉಡುವಾಗ ಇನ್ನೊಬ್ಬರು ಹೊರಗಿರಬೇಕಿತ್ತು. ಜಗಳವಾಡಿದರೆ ಮುನಿಸಿಕೊಂಡು ಹೋಗಿ ಕೂರಲು ಇನ್ನೊಂದು ಮೂಲೆಯಿರಲಿಲ್ಲ. ಬೆನ್ನು ತಿರುಗಿಸಿದರೂ ಬೆನ್ನಿಗೆ ಬೆನ್ನು ತಾಗುತ್ತಿತ್ತು. ಅಲ್ಲಿಗೆ ಮುನಿಸು ಮುಗಿಯುತ್ತಿತ್ತು. ನಾನು ಆಮೇಲೆ ಎಷ್ಟೋ ಮನೆಗಳಲ್ಲಿ ಇದ್ದೇನೆ. ಗಂಡನ ಜೊತೆ ಅಷ್ಟು ಮಾತಾಡಿದ್ದು ಬೇರೆಲ್ಲೂ ಇಲ್ಲ.

ಎರಡನೆಯ ವರ್ಷ ನಾನು ಬಸುರಿಯಾದೆ. ಒಂಬತ್ತನೆಯ ತಿಂಗಳಿಗೆ ಮುಳಬಾಗಿಲಿಗೆ ಹೋಗುವುದೆಂದು ಅಮ್ಮ ದಿನ ನೋಡಿಟ್ಟಿದ್ದಳು. ಆ ದಿನಕ್ಕೆ ಇನ್ನೂ ಒಂದು ವಾರವಿರುವಾಗ, ಪುಷ್ಯಮಾಸದ ಒಂದು ಬೆಳಿಗ್ಗೆ, ಇವರು ಬಸ್ಸಿಗೆ ಹೋದ ಸ್ವಲ್ಪ ಹೊತ್ತಿಗೇ ನನಗೆ ನೋವು ಶುರುವಾಯಿತು. ದೊಡ್ಡಮ್ಮ ಊರಿನ ನರ್ಸಮ್ಮನಿಗೆ ಹೇಳಿಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಹಲಗೆಯ ಮಂಚದ ಮೇಲೆಯೇ ಹೆಣ್ಣು ಮಗು ಹುಟ್ಟಿತು. ಅಂಗೈಯಲ್ಲಿ ತಲೆ ಇಟ್ಟರೆ ಕಾಲು ಮೊಣಕೈ ಮುಟ್ಟುತ್ತಿರಲಿಲ್ಲ, ಅಷ್ಟೇ ಇತ್ತು. ಅಳುವೂ ಬೆಕ್ಕಿನ ಮರಿಯ ಅಳುವಿನಂತೆ.

ನರ್ಸಮ್ಮ ಮಗುವಿನ ಪಾದ ಮುಟ್ಟಿ ನೋಡಿದರು. “ಹಾಲು ಎಳೀತಾ ಇದೆ, ಅದೇ ಪುಣ್ಯ. ಆದ್ರೆ ಬೆಚ್ಚಗಿರಬೇಕು. ಈ ಕೋಣೆ ಆಗಲ್ಲ, ಕಲ್ಲು ಥಂಡಿ. ಪಾದ ತಣ್ಣಗಾದ್ರೆ, ಹಾಲು ಬಿಟ್ರೆ, ತಡಮಾಡ್ದೆ ಕೋಲಾರದ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು.”

ದೊಡ್ಡಮ್ಮ ಎದ್ದರು. ತಟ್ಟಿಯಾಚೆ ಹೋದರು. ಆಗ ಅಲ್ಲಿ ಮರಿಹುಳುಗಳಿದ್ದವು, ಒಂದನೇ ಜ್ವರ, ಅಂದರೆ ಮೊದಲ ಸಲ ಪೊರೆ ಬಿಡುವುದು, ಮುಗಿದು ಎರಡೇ ದಿನವಾಗಿತ್ತು. ಚಳಿಗಾಲದಲ್ಲಿ ಅವಕ್ಕಾಗಿ ಒಳಗೆ ಇದ್ದಿಲ ಕೆಂಡ ಇಡುತ್ತಿದ್ದರು. ಊರಿನಲ್ಲಿ ಅಷ್ಟು ಬೆಚ್ಚಗಿದ್ದ ಕೋಣೆ ಅದೊಂದೇ. ಹುಳುಗಳಿದ್ದ ಬಿದಿರಿನ ತಟ್ಟೆಗಳನ್ನು ಎತ್ತುವ ಸದ್ದು ಕೇಳಿಸಿತು. ಒಂದೊಂದಾಗಿ ಹೊತ್ತು ತಮ್ಮ ಮನೆಯ ಪಡಸಾಲೆಗೆ ಸಾಗಿಸುತ್ತಿದ್ದರು.

ಬೇಲಿಯಾಚೆಯ ಮನೆಯ ಹೆಂಗಸು ಕೂಗಿ ಕೇಳಿದರು: “ಅಲ್ಲಕ್ಕಾ, ಪುರುಡಿನ ಮೈಲಿಗೇನ ಹುಳುಮನೆಗೆ ಬಿಟ್ಕೊಂತೀಯಾ? ಬೆಳೆ ಏನಾಗ್ಬೇಕು?”

“ಅದೂ ಹಸುಳೆ, ಇದೂ ಹಸುಳೆ. ನೀನು ಆ ಕಡೆ ತಟ್ಟೆ ಹಿಡ್ಕೊ ಬಾ,” ಎಂದರು ದೊಡ್ಡಮ್ಮ.

ಆ ಹೆಂಗಸು ಬಂದು ಹಿಡಿದರು.

ಖಾಲಿಯಾದ ಹುಳುಮನೆಗೆ ನನ್ನನ್ನೂ ಮಗುವನ್ನೂ ಸೇರಿಸಿದರು. ಗೋಡೆಯಲ್ಲಿ ರೇಷ್ಮೆ ಇಲಾಖೆಯವರು ಕೊಟ್ಟಿದ್ದ ಥರ್ಮಾಮೀಟರು ತೂಗುತ್ತಿತ್ತು. ದೊಡ್ಡಮ್ಮನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಪಾದರಸ ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಒಂದು ಕೆಂಪು ದಾರ ಕಟ್ಟಿದ್ದರು. ನರ್ಸಮ್ಮ ಅದನ್ನು ನೋಡಿ, ದಾರವನ್ನು ಒಂದಿಷ್ಟು ಮೇಲಕ್ಕೆ ಸರಿಸಿದರು. ಕೆಂಡ ಹೊರಗೆ ಚೆನ್ನಾಗಿ ನಿಗಿನಿಗಿ ಆದ ಮೇಲೆಯೇ ಒಳಗೆ ತರಬೇಕು, ಮೇಲಿನ ಕಿಂಡಿ ಮುಚ್ಚಕೂಡದು, ಮಗು ತಾಯಿಯ ಎದೆಗೆ ಅಂಟಿಕೊಂಡೇ ಇರಬೇಕು ಎಂದು ಹೇಳಿಹೋದರು.

ಸಂಜೆ ಇವರು ಬಸ್ಸಿಳಿದಾಗ ಯಾರೋ ವಿಷಯ ಹೇಳಿದ್ದರಂತೆ. ಓಡಿಬಂದವರನ್ನು ದೊಡ್ಡಮ್ಮ ಬಾವಿಯ ಹತ್ತಿರವೇ ತಡೆದರು. “ಮೊದ್ಲು ಸ್ನಾನ.” ಹಲ್ಲು ಕಟಕಟ ಎನ್ನುತ್ತಾ ಒಳಗೆ ಬಂದ ಇವರು ನನ್ನ ಸೆರಗಿನೊಳಗೆ ಇಣುಕಿದರು. “ಮುಟ್ಲಾ?” ಎಂದು ನನ್ನನ್ನಲ್ಲ, ದೊಡ್ಡಮ್ಮನನ್ನು ಕೇಳಿದರು.

“ಕೈ ಕೆಂಡಕ್ಕೆ ಕಾಸ್ಕೊಂಡು ಮುಟ್ಟಪ್ಪ.”

ಹದಿನೆಂಟು ದಿನ ಅಲ್ಲಿದ್ದೆವು. ಅಮ್ಮ ಮುಳಬಾಗಿಲಿನಿಂದ ಬಂದು ಹೊಂಗೆ ಮರದ ಕೆಳಗೆ ಬಾಣಂತಿ ಸಾರು ಕುದಿಸಿದಳು. ದೊಡ್ಡಮ್ಮ ಹುಳುವಿಗೆ ಸೊಪ್ಪು ಹಾಕಿದಾಗಲೆಲ್ಲ ಬಂದು ಕೆಂಪು ದಾರ ನೋಡಿ, ಮಗುವಿನ ಪಾದ ಮುಟ್ಟಿ, “ಪರವಾಲೇದು, ಬಂಗಾರು ತಲ್ಲಿ,” ಪರವಾಗಿಲ್ಲ, ಬಂಗಾರದಂಥ ತಾಯಿ ಎಂದು ತೆಲುಗಿನಲ್ಲಿ ಹೇಳಿ ಹೋಗುತ್ತಿದ್ದರು. ಮಗುವಿನ ಕೆನ್ನೆ ತುಂಬಿತು. ಪಡಸಾಲೆಯ ಚಳಿಗೆ ಹುಳುಗಳು ಮಾತ್ರ ಒಂದೇ ಸಮ ಬೆಳೆಯಲಿಲ್ಲ. ಆ ಬೆಳೆ ಅರ್ಧವೂ ಕೈಗೆ ಬರಲಿಲ್ಲವೆಂದು ನನಗೆ ಬೇಲಿಯಾಚೆಯ ಹೆಂಗಸಿನಿಂದ ತಿಳಿಯಿತು. ಹೋಗಿ ಕೇಳಿದರೆ ದೊಡ್ಡಮ್ಮ ಸಿಡುಕಿದರು. “ನಿಂಗ್ಯಾರು ಹೇಳಿದ್ದು? ಹುಳ ಅಂದ್ಮೇಲೆ ಬರ್ತದೆ, ಹೋಗ್ತದೆ. ಮುಂದಿನ ಬೆಳೆ ಐತಲ್ಲ.” ಆಮೇಲೆ ಆ ಮಾತು ಎತ್ತಲು ಬಿಡಲಿಲ್ಲ.

ಮತ್ತೆ ಮೂರು ವರ್ಷ ಸೊಪ್ಪಿನ ಕೋಣೆಯಲ್ಲೇ ಇದ್ದೆವು. ಮಂಚದ ಮೇಲೆ ಮೂವರು. ಮಗಳು ಆಡುತ್ತಿದ್ದದ್ದು, ಉಣ್ಣುತ್ತಿದ್ದದ್ದು ದೊಡ್ಡಮ್ಮನ ಪಡಸಾಲೆಯಲ್ಲಿ. ನಿದ್ದೆಗೆ ಮಾತ್ರ ನಮ್ಮ ಹತ್ತಿರ ಬರುತ್ತಿದ್ದಳು. ಎಂಬತ್ತರ ದಶಕದ ಮೊದಲಲ್ಲಿ ನನಗೆ ಕೋಲಾರದ ಶಾಲೆಗೆ ವರ್ಗವಾಯಿತು. ಇಬ್ಬರ ಸಂಬಳ ಸೇರಿ ಎರಡು ಕೋಣೆಯ ಒಂದು ಮನೆ ನಮ್ಮ ಕೈಗೆಟುಕಿತು.

ಹೊರಡುವ ದಿನ ಹುಳು ಹಣ್ಣಾಗಿತ್ತು. ಇವರು ಗಾಡಿಗೆ ಸಾಮಾನು ಏರಿಸುತ್ತಿದ್ದರೆ ನಾನು ಸೆರಗು ಸಿಕ್ಕಿಸಿ ದೊಡ್ಡಮ್ಮನ ಜೊತೆ ಹುಳು ಆರಿಸುತ್ತಾ ಕೂತಿದ್ದೆ. ಗಾಡಿಯವನು ಎರಡು ಸಲ ಕೂಗಿದ ಮೇಲೆ ಎದ್ದೆ.

“ಬರ್ತೀನಿ ದೊಡ್ಡಮ್ಮಾ.”

“ಹೂಂ. ತಟ್ಟೆ ಇನ್ನೂ ಹತ್ತು ಐತೆ, ನಾನು ಗಾಡಿವರೆಗೂ ಬರಕ್ಕಾಗಲ್ಲ,” ಎಂದರು, ತಲೆಯೆತ್ತದೆ.

ಮಗಳು ಹೋಗಿ ಅವರ ತೊಡೆಗೆ ಒರಗಿ ನಿಂತಳು. ದೊಡ್ಡಮ್ಮನ ಬೆರಳುಗಳೆಲ್ಲ ಹುಳುವಿನ ಅಂಟಿನಿಂದ ಒದ್ದೆಯಾಗಿದ್ದವು. ಮುಂಗೈ ಮಡಿಸಿ, ಒಣಗಿದ್ದ ಮಣಿಕಟ್ಟಿನಿಂದ ಅವಳ ಕೆನ್ನೆ ಸವರಿದರು. ಮತ್ತೆ ಸವರಿದರು.