ಶಾಂತವ್ವನ ಗಂಡ ಬಸ್ಸಿನಲ್ಲಿ ಬಂದದ್ದು

ನವರಾತ್ರಿಯಲ್ಲಿ ಗೋರೆಗಾಂವ್‌ನಿಂದ ಮಹಾಲಕ್ಷ್ಮಿ ಗುಡಿಗೆ ನಡೆದು ಹೋಗುವ ಗುಂಪಿನಲ್ಲಿ ಈ ಸಲ ನಾನೂ ಇದ್ದೆ. ನನ್ನ ಪಕ್ಕದಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದವರು ವಿಜಯಪುರ ಕಡೆಯ ಶಾಂತವ್ವ. ಬಿಲ್ಡಿಂಗ್ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡ ಗಂಡ ಮತ್ತೆ ನಡೆದಾಡಿದರೆ ತಾನು ನಡೆದೇ ಬರುತ್ತೇನೆಂದು ಅವರು ದೇವಿಗೆ ಹರಕೆ ಹೊತ್ತಿದ್ದರಂತೆ.

ಆ ಗಂಡ ಮಾತ್ರ ಬಸ್ಸಿನಲ್ಲಿ ಬರುತ್ತಿದ್ದರು! ಬಾಂದ್ರಾದಲ್ಲಿ ನೋಡಿದರೆ ಸ್ಟಾಪಿನ ಬಳಿ ಚಹಾ ಕುಡಿಯುತ್ತ ಕೂತಿದ್ದಾರೆ. ಮಾಹಿಮ್‌ನಲ್ಲೂ ಹಾಗೆಯೇ. "ಯಾಕ ಇಷ್ಟ್ ತಡಾ?" ಅಂತ ನಮ್ಮನ್ನೇ ಕೇಳಿದರು.

ನನಗೆ ತಡೆಯಲಾಗಲಿಲ್ಲ. "ಕಾಲು ಈಗ ಸರಿಯಾಗಿದೆಯಲ್ವಾ? ನೀವೂ ನಡೀಬಹುದಲ್ಲ?" ಎಂದೆ.

"ಗಟ್ಟಿ ಐತ್ರಿ. ಆದ್ರ ಹರಕಿ ಅಕೀದು," ಎಂದರು, ಒಂಚೂರೂ ನಾಚದೆ.

ವರ್ಲಿಯ ಸಮುದ್ರದಂಡೆಯಲ್ಲಿ ಮತ್ತೆ ಸಿಕ್ಕಾಗ ಶಾಂತವ್ವ ಗಂಡನ ಕೈ ಹಿಡಿದು ಎಬ್ಬಿಸಿದರು. "ಸಾಕ್ ಬಸ್ಸು. ಇಲ್ಲಿಂದ ನನ್ನ ಮುಂದ ನಡೀರಿ."

ಅವರು ಗೊಣಗುತ್ತಲೇ ಹೊರಟರು. ಮೊದಲು ಸ್ವಲ್ಪ ಕುಂಟಿದರು, ಆಮೇಲೆ ಹೆಜ್ಜೆ ಸಲೀಸಾಯಿತು. ನಾವೆಲ್ಲ ಸಮುದ್ರ ನೋಡುತ್ತಿದ್ದರೆ ಶಾಂತವ್ವ ಗಂಡನ ಕಾಲುಗಳನ್ನೇ ನೋಡುತ್ತ ಬಂದರು. ಕಣ್ಣು ತುಂಬಿತ್ತು. "ನೋಡ್ರಿ ಅಕ್ಕಾ, ಹೆಂಗ ನಡೀತಾರ!" ಎಂದು ನನ್ನ ಮೊಣಕೈ ತಿವಿದರು. ನನ್ನ ಪಾದದ ಉರಿಯೂ ಆಗ ಅಷ್ಟೊಂದು ಅನ್ನಿಸಲಿಲ್ಲ.

ದರ್ಶನ ಮುಗಿಸಿ ಹೊರಬಂದ ಮೇಲೆ ಕೇಳಿದೆ, "ಈ ಸಲ ದೇವಿ ಹತ್ರ ಏನು ಬೇಡಿಕೊಂಡ್ರಿ?"

ಮೆಟ್ಟಿಲ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದ ಶಾಂತವ್ವ ನಕ್ಕರು. "ಏನೂ ಬೇಡ್ಲಿಲ್ರಿ. ಬೇಡಿದ್ರ ಮತ್ತ ನಡೀಬೇಕಾಗ್ತೈತಿ."