ಸೀಬೆಮರದ ತಾಯಿವಂಶ

ಇವತ್ತು ಬೆಳಿಗ್ಗೆ ಅಡುಗೆಮನೆಯ ತುಂಬ ಕಳಿತ ಬಾಳೆಹಣ್ಣಿನ ವಾಸನೆ. ಬುಟ್ಟಿಯ ಮೇಲೆ ಹಣ್ಣುನೊಣಗಳು ತೇಲಾಡುತ್ತಿದ್ದವು. ಬೇರೆಯವರಾದರೆ ಟವೆಲ್ ಬೀಸುತ್ತಿದ್ದರು. ನಾನು ಫ್ಯಾನ್ ಆರಿಸಿದೆ. ನಗಬೇಡಿ, ಕಾರಣ ಹೇಳುತ್ತೇನೆ.

ಸಂಶೋಧನೆಗೆ ಸೇರಿದ ಹೊಸತರಲ್ಲಿ ಮಗಳು ಗಂಗಾನಗರದ ನಮ್ಮ ಹಿತ್ತಿಲ ಸೀಬೆಮರಕ್ಕೆ ಬಾಳೆಹಣ್ಣು ಹಾಕಿದ ಬಾಟಲಿ ಕಟ್ಟಿದಳು. ಓದಿ ಓದಿ ನೊಣ ಹಿಡಿಯುತ್ತಾಳಲ್ಲ ಎಂದು ನನಗೆ ಚಿಂತೆ. ನನ್ನ ಚಿಂತೆಗೆ ಕಾರಣ ಬೇಕಿಲ್ಲ ಅನ್ನಿ. ಕುಕ್ಕರ್ ಎರಡು ಸಲ ಕೂಗಿ ಸುಮ್ಮನಾದರೂ ಸಾಕು.

“ಜೀವಕೋಶಕ್ಕೆ ಶಕ್ತಿ ಕೊಡೋ ಮೈಟೊಕಾಂಡ್ರಿಯ ಅಂತ ಇರುತ್ತಮ್ಮ. ಅದು ತಾಯಿಯಿಂದ ಮಾತ್ರ ಬರೋದು” ಎಂದಳು. ಅದರೊಳಗಿನ ಸಣ್ಣ ವ್ಯತ್ಯಾಸಗಳಿಂದ ನೊಣಗಳ ತಾಯಿವಂಶ ಗುರುತಿಸಿ, ಯಾವುದು ಬೇಸಿಗೆಗೆ ಕುಗ್ಗಿತು, ಯಾವುದು ಮಳೆಗೆ ಹಿಗ್ಗಿತು ಎಂದು ವರ್ಷ ವರ್ಷವೂ ಅದೇ ಮರದಲ್ಲಿ ನೋಡುವುದು ಅವಳ ಕೆಲಸ.

“ಅಪ್ಪನ ಪಾಲು?” ಪೇಪರ್ ಇಳಿಸಿ ಕೇಳಿದರು ನಮ್ಮವರು.

“ಇದ್ರಲ್ಲಿ ಸೊನ್ನೆ, ಅಪ್ಪ.”

ಮಗಳ ಬುದ್ಧಿಯೆಲ್ಲ ತಮ್ಮದೇ ಎಂದು ನೆಂಟರಲ್ಲಿ ಹೇಳಿಕೊಂಡು ಬಂದವರು ಪೇಪರ್ ಮತ್ತೆ ಏರಿಸಿದರು.

ಒಂದು ಬೇಸಿಗೆಯಲ್ಲಿ ಒಂದು ವಂಶ ಕಾಣಲೇ ಇಲ್ಲ. ಅಳಿಯಿತೋ, ತೀರಾ ಕಡಿಮೆಯಾಗಿ ಕಣ್ತಪ್ಪಿತೋ, ಮಳೆಗಾಲದ ನೊಣಗಳೇ ಹೇಳಬೇಕಿತ್ತು. ಮಳೆ ಶುರುವಾದಾಗ ನಮ್ಮ ಮರಕ್ಕೆ ಬಾಟಲಿ ಕಟ್ಟಿ, ಹೆಬ್ಬಾಳದ ಇನ್ನೊಂದು ಮರಕ್ಕೆ ಕಟ್ಟಿದ್ದ ಬಾಟಲಿ ನೋಡಲು ಹೋದಳು. ಅವಳು ಅತ್ತ ಹೋದದ್ದೇ, ಇತ್ತ ಬೀದಿಗೆ ಸೊಳ್ಳೆಯ ಹೊಗೆಯಂತ್ರ ಬಂತು. ಡೆಂಗ್ಯೂ ಹೆದರಿಕೆಗೆ ಫೋನ್ ಮಾಡಿ ಮಾಡಿ ಅದನ್ನು ಕರೆಸಿದವಳು ನಾನೇ! ನೈಟಿಯ ಮೇಲೆ ವೇಲು ಹೊದ್ದು ಗೇಟಿಗೆ ಅಡ್ಡ ನಿಂತೆ.

“ನಮ್ಮನೆಗೆ ಬೇಡಪ್ಪಾ, ನೊಣ ಸಾಯ್ತವೆ!”

“ದಿನಾ ಫೋನ್ ಮಾಡ್ತಿದ್ದಿದ್ದು ನೀವೇ ಅಲ್ವಾ ಮೇಡಂ?” ಎಂದ ಯಂತ್ರದವನು.

ಪಕ್ಕದ ಮನೆಯ ಶಾಹಿದಾ ಕಾಂಪೌಂಡಿನ ಮೇಲೆ ಇಣುಕಿದರು. “ಕ್ಯಾ ಜೀ, ನೊಣ ಸಾಕ್ತಿದೀರಾ?”

“ಹೌದ್ರೀ. ನಮ್ಮ ಹುಡುಗಿದು ವರ್ಷಗಳ ಕೆಲಸ ಆ ಮರದಲ್ಲಿದೆ.”

ಅವರು ನನ್ನ ಮುಖ ನೋಡಿದರು. ಆಮೇಲೆ ಅವನತ್ತ ತಿರುಗಿ, “ಹಂಗಾದ್ರೆ ನಮ್ಮನೆಗೂ ಬೇಡ, ಭಾಯ್. ಹೊಗೆಗೆ ಕಾಂಪೌಂಡ್ ಗೊತ್ತಾಗುತ್ತಾ?” ಎಂದರು.

ಕೆಲವು ವಾರಗಳ ಮೇಲೆ ಲ್ಯಾಬಿನಿಂದ ಮಗಳ ಫೋನ್. “ಅಮ್ಮಾ, ಹೋಯ್ತು ಅಂದ್ಕೊಂಡಿದ್ದ ವಂಶ ಸಿಕ್ತು! ನಮ್ಮನೆ ಬಾಟ್ಲಲ್ಲೇ, ಎರಡೇ ನೊಣ!” ಎರಡೇ ಎಂದಾಗ ಅವುಗಳ ಚಿಂತೆ ಹತ್ತಿತು ನನಗೆ. ಪರೀಕ್ಷೆಗೆಂದು ಆ ಎರಡನ್ನೂ ಅರೆದೇಬಿಟ್ಟಿದ್ದಳಂತೆ. ಇರಲಿ, ಅಕ್ಕತಂಗಿಯರು ಮರದಲ್ಲಿದ್ದಾರು.

ಆ ವಂಶದ ಕುರಿತೇ ಇವತ್ತು ದೊಡ್ಡ ಸಭೆಯೊಂದರಲ್ಲಿ ಅವಳ ಭಾಷಣ. ಈಗಷ್ಟೇ ಹೊರಟಳು. “ಹೆದರಿಕೆ ಆಗ್ತಿಲ್ವೇನೇ?” ಎಂದೆ, ಅವಳ ಬ್ಯಾಗಿನ ಜಿಪ್ಪನ್ನು ಮೂರನೇ ಸಲ ಎಳೆದು ನೋಡುತ್ತ.

ಚಪ್ಪಲಿ ಮೆಟ್ಟುತ್ತ ಅವಳೆಂದಳು: “ಗೇಟಿಗೆ ಅಡ್ಡ ನಿಂತವಳ ಮಗಳು ಕಣಮ್ಮ ನಾನು.”

ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು. ಉಕ್ಕಲಿ ಎಂದು, ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲೇ ನಿಂತಿದ್ದೆ.