ಕರಿ ನಾಲ್ಕು

ನನ್ನ ಶ್ರುತಿ ಕರಿ ನಾಲ್ಕು. ಅಂದರೆ ಹಾರ್ಮೋನಿಯಂ ಪೆಟ್ಟಿಗೆಯ ನಾಲ್ಕನೆಯ ಕಪ್ಪು ಕೀ; ನಾವದಕ್ಕೆ ಮನೆ ಅನ್ನುತ್ತೇವೆ. ಜಮಖಂಡಿ, ಮುಧೋಳದ ಕಡೆ ನಾಟಕದ ಹೆಂಗಸರಲ್ಲಿ ಅಷ್ಟು ಎತ್ತರಕ್ಕೆ ಹಾಡುವವಳು ನಾನೊಬ್ಬಳೇ ಎಂದು ಹೇಳಿಕೊಂಡು ಮೆರೆದವಳು ನಾನು. ಸೊಕ್ಕು ಎನ್ನಿ, ಇತ್ತು.

ಮೂವತ್ತು ವರ್ಷ ನನಗೆ ಕಾಲುಪೆಟ್ಟಿಗೆ, ಅಂದರೆ ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ, ನುಡಿಸಿದವರು ಬನಹಟ್ಟಿಯ ಮಾಸ್ತರು. ನೇಕಾರರು, ಆಟವಿದ್ದ ದಿನ ಮಗ್ಗ ನಿಲ್ಲಿಸಿ ಬರುತ್ತಿದ್ದರು. ರಂಗದ ಮುಂದೆ, ಜನರಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಅವರ ಮುಖ ನನಗೆ ಕಾಣುತ್ತಿತ್ತು, ಬೆರಳು ಕಾಣುತ್ತಿರಲಿಲ್ಲ. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ, ನನಗೆ ಉಸಿರಿದೆಯೋ ಇಲ್ಲವೋ ಎಂದು ನೋಡಿಯೇ ಮತ್ತೆ ಹಿಡಿಯುವರು.

ನನಗೆ ಐವತ್ತು ದಾಟಿದ ಮೇಲೆ ಪೆಟ್ಟಿಗೆ ಯಾಕೋ ಮಂಕಾಗಿ ಕೇಳತೊಡಗಿತು. ಬೀಳಗಿಯ ಆಟ ಮುಗಿದದ್ದೇ ತಡ, ಎಲ್ಲರೆದುರು ರೇಗಿದೆ.

“ಮಾಸ್ತರ, ನಿಮ್ಮ ಪೆಟ್ಟಿಗಿ ಸತ್ತೈತ್ರೀ. ನನ್ನ ಹಾಡೂ ಕೊಲ್ಲಾಕತ್ತೀರಿ.”

“ರಿಪೇರಿ ಮಾಡಸ್ತೀನ್ರೀ ಬಾಯಾರ.”

“ಏನ್ ಬ್ಯಾಡ. ಇನ್ನ ಮಗ್ಗಾನ ನೋಡಿಕೊಳ್ರಿ.”

ಈ ನಾಲಿಗೆಗೆ ಬೆಂಕಿ ಬೀಳಲಿ. ಅವರು ಪೆಟ್ಟಿಗೆ ಮಡಚಿಕೊಂಡು ಹೋದರು.

ಮುಂದೆ ಜಮಖಂಡಿಯಲ್ಲಿ ನನಗೊಂದು ಸನ್ಮಾನ. ಈಗ ಎಲ್ಲರೂ ಮೊದಲೇ ಮುದ್ರಿಸಿಟ್ಟ ಟ್ರ್ಯಾಕಿಗೆ ಹಾಡುತ್ತಾರಲ್ಲ, ನಾನೂ ಮಾಡಿಸಿದೆ. ಕೀಬೋರ್ಡಿನವರು ಫೋನಿನಲ್ಲಿ ಶ್ರುತಿ ಕೇಳಿದರು. “ಕರಿ ನಾಲ್ಕು! ಅದರಾಗ ಕೇಳೂದೇನೈತಿ?” ಎಂದೆ. ಒಮ್ಮೆ ಹಾಡಿ ನೋಡಿ ಎಂದಿದ್ದಕ್ಕೆ ನಕ್ಕೆ.

ಹೊದಿಸಿದ ಶಾಲಿನಲ್ಲೇ ನಿಂತು ಹಾಡಿದೆ. ಪಲ್ಲವಿಯಲ್ಲೇ ದನಿಯನ್ನು ಎಳೆದೆಳೆದು ಏರಿಸಬೇಕಾಯಿತು. ಮೇಲಿನ ಷಡ್ಜಕ್ಕೆ ಏರಿದೆ, ದನಿ ಒಡೆಯಿತು. ನಾನು ನಿಂತೆ, ಟ್ರ್ಯಾಕ್ ನಿಲ್ಲಲಿಲ್ಲ. ಅದು ಮುಗಿಯುವವರೆಗೂ ಬಾಯಿ ಮುಚ್ಚಿ ಮೈಕ್ ಹಿಡಿದುಕೊಂಡಿದ್ದೆ. ಪಾಪ, ಜನ ಚಪ್ಪಾಳೆ ತಟ್ಟಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಟ್ರ್ಯಾಕ್ ಎತ್ತರ ಮಾಡೀರಿ,” ಎಂದು ಕೀಬೋರ್ಡಿನವರ ಮೇಲೆ ಹರಿಹಾಯ್ದೆ. ಅವರು ಮೊಬೈಲಿನಲ್ಲಿ ಬೀಳಗಿಯ ಆಟದ ವಿಡಿಯೊ ಹಚ್ಚಿ, ಕೀಬೋರ್ಡಿಗೆ ಬೆರಳಿಟ್ಟು ತಾಳೆ ನೋಡಿದರು.

“ಅಕ್ಕಾರ, ಬೀಳಗ್ಯಾಗ ನೀವು ಹಾಡಿದ್ದು ಕರಿ ಮೂರರಾಗ.”

ಮರುದಿನವೇ ಬನಹಟ್ಟಿಗೆ ಓಡಿದೆ. ನನ್ನನ್ನು ನೋಡಿ ಮಾಸ್ತರು ಮಗ್ಗ ಬಂದ್ ಮಾಡಿದರು.

“ತಪ್ಪಾತ್ರೀ ಮಾಸ್ತರ. ಶ್ರುತಿ ಇಳಿಸೀನಿ ಅಂತ ಯಾಕ ಹೇಳಲಿಲ್ಲ?”

“ನಾಕ ವರ್ಷದಾಗ ಕರಿ ನಾಕರಿಂದ ನಡುವಿನ ಬಿಳಿ ಮನಿಗೆ, ಅಲ್ಲಿಂದ ಕರಿ ಮೂರಕ್ಕ ಇಳಿಸ್ಕೋತ ಬಂದ್ನಿರೀ. ಹೇಳಿದ್ರ ನೀವು ಹಾಡೂದ ಬಿಡತಿದ್ರಿ.”

“ಈಗ ಒಮ್ಮೆ ನುಡಸ್ರಿ. ಎಲ್ಲಿಂದ ಹಿಡಿದ್ರೂ ಹಾಡತೀನಿ.”

ಅವರು ಕೈಗಂಟಿದ ನೂಲು ಬಿಡಿಸುತ್ತ ನಿಂತರು. “ಪೆಟ್ಟಿಗಿ ಗಲಗಲಿ ಭಜನಾ ಮಂದಿಗೆ ಕೊಟ್ನಿರೀ. ನೀವ ಸತ್ತೈತಿ ಅಂದ್ರಲ್ಲ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಇಂದಿಗೂ ಸುಡುತ್ತದೆ.

ಹೋದ ತಿಂಗಳು ಗಲಗಲಿಯಲ್ಲಿ ಆ ಪೆಟ್ಟಿಗೆ ಕೇಳಿದೆ. ಗಟ್ಟಿ ದನಿ, ಅದಕ್ಕೇನೂ ಆಗಿರಲಿಲ್ಲ. ಭಜನೆಯವರು ಗುರುತು ಹಿಡಿದು, ಒಂದು ಹಾಡಲೇಬೇಕೆಂದು ಹಟ ಹಿಡಿದರು.

“ಯಾವ ಮನಿ ಹಿಡೀಲ್ರೀ ಬಾಯಾರ?”

“ನನಗ ಗೊತ್ತಿಲ್ರೀ,” ಎಂದೆ. “ನಮ್ಮ ಮಾಸ್ತರಿಗೆ ಗೊತ್ತಿತ್ತು.”